ಉಸಿರು ಕಡಿಯುವ ಜಾಗ

ನನ್ನದು ಸಂಶಯದ ಸ್ವಭಾವ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಅಲ್ಲ ಎನ್ನುವುದಿಲ್ಲ. ಮನೆಗೆ ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುತ್ತೇನೆ, ಬೀದಿಯ ತಿರುವಿನವರೆಗೆ ಹೋಗಿ ಮೂರನೆಯ ಸಲ ಎಳೆಯಲು ವಾಪಸು ಬರುತ್ತೇನೆ. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಹಾಳೆ ಮಡಿಚುವ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸ. ದೊಡ್ಡ ಹಾಳೆ ಒಂದು ಕಡೆಯಿಂದ ಒಳಗೆ ಹೋಗಿ, ಹದಿನಾರು ಪುಟವಾಗಿ ಮಡಿಚಿಕೊಂಡು ಇನ್ನೊಂದು ಕಡೆ ಬೀಳುತ್ತದೆ. ಈ ಯಂತ್ರ ತಪ್ಪುವುದೇ ಇಲ್ಲ ಎಂದು ಮಾಲೀಕರು ಹೇಳುತ್ತಾರೆ. ಹೇಳಲಿ. ನಾನು ಪ್ರತಿ ಇಪ್ಪತ್ತನೆಯ ಮಡಿಕೆಯನ್ನು ಬಿಡಿಸಿ ಪುಟದ ಸಂಖ್ಯೆ ನೋಡಿಯೇ ನೋಡುತ್ತೇನೆ. ಹತ್ತೊಂಬತ್ತು ವರ್ಷದಲ್ಲಿ ನಾಲ್ಕು ಸಲ ತಪ್ಪು ಸಿಕ್ಕಿದೆ. ಆ ನಾಲ್ಕೂ ದಿನ ನಾನು ಮನೆಗೆ ಹಬ್ಬದ ಮುಖ ಹೊತ್ತು ಹೋದದ್ದು ನಿಜ.

ಕಾರ್ಖಾನೆಯಲ್ಲಿ ನನಗೆ 'ಪತ್ತೇದಾರಿ' ಎಂದು ಹೆಸರು. ಇಟ್ಟವಳು ನನ್ನ ಗೆಳತಿ, ನಾನು ಮಡಿಚಿದ್ದನ್ನು ಜೋಡಿಸಿ ಹೊಲಿಯುವವಳು. ಅವಳ ಹೊಲಿಗೆಯ ಮೇಜು ನನ್ನ ಯಂತ್ರದ ಎದುರಿಗೇ, ಹತ್ತು ಹೆಜ್ಜೆ ದೂರದಲ್ಲಿದೆ. ಅವಳಿಗೆ 'ಡೋಲು' ಎಂದು ಹೆಸರಿಟ್ಟವಳು ನಾನು. ಡೋಲು ಇಲ್ಲದ ಹಾಡನ್ನು ಅವಳು ಹಾಡು ಎಂದೇ ಒಪ್ಪುವುದಿಲ್ಲ. ಕೂತಲ್ಲಿ ನಿಂತಲ್ಲಿ ಅವಳ ಎಡಗಾಲು ನೆಲ ಬಡಿಯುತ್ತಲೇ ಇರುತ್ತದೆ. ನನಗೋ ಹಾಡೆಂದರೆ ಒಂದು ದನಿ, ಒಂದು ತಂತಿ ಅಷ್ಟೇ ಸಾಕು. ಅದಕ್ಕಿಂತ ಹೆಚ್ಚಾದರೆ ತಲೆ ಚಿಟ್ಟು ಹಿಡಿಯುತ್ತದೆ.

ಊಟದ ಹೊತ್ತಿನಲ್ಲಿ ನಮ್ಮಿಬ್ಬರದೊಂದು ನಿಯಮವಿತ್ತು. ಒಂದು ದಿನ ಅವಳ ಹಾಡು, ಮರುದಿನ ನನ್ನದು. ಹಾಡು ಮುಗಿಯುವವರೆಗೆ ಕೇಳುವವಳು ಬಾಯಿ ತೆರೆಯುವಂತಿಲ್ಲ, ಮುಖ ಕಿವುಚುವಂತಿಲ್ಲ. ಮುಗಿದ ಮೇಲೆ ಎಷ್ಟು ಬೇಕಾದರೂ ಬಯ್ಯಬಹುದು.

"ಇದೇನೇ ಇದು, ಪಾತ್ರೆ ಅಂಗಡಿನೇ ಮೆಟ್ಟಿಲ ಮೇಲಿಂದ ಉರುಳಿ ಬಿದ್ದ ಹಾಗಿದೆ" ಎಂದು ನಾನು ಬಯ್ಯುತ್ತಿದ್ದೆ.

"ನಿನ್ನದು ಕೇಳಿದ್ರೆ ಆಸ್ಪತ್ರೆ ವರಾಂಡದಲ್ಲಿ ಚೀಟಿ ಹಿಡ್ಕೊಂಡು ಕೂತ ಹಾಗಾಗುತ್ತೆ" ಎಂದು ಅವಳು ಬಯ್ಯುತ್ತಿದ್ದಳು.

ನಮ್ಮ ಮೇಜಿನಲ್ಲಿ ಮೂರನೆಯವರು ಕತ್ತರಿ ಮಾವ. ಕಟ್ಟಿದ ಪುಸ್ತಕದ ಅಂಚನ್ನು ದೊಡ್ಡ ಅಲಗಿನಲ್ಲಿ ಕತ್ತರಿಸಿ ನೇರ ಮಾಡುವವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಅವರಿಗೆ ಯಾವ ಹಾಡೂ ಆಗದು. "ಎರಡೂ ಗಲಾಟೆನೇ. ಒಂದು ಜೋರು ಗಲಾಟೆ, ಒಂದು ಮೆಲ್ಲಗಿನ ಗಲಾಟೆ" ಎಂದು ಡಬ್ಬಿಯ ಮುಚ್ಚಳ ತೆರೆಯುತ್ತಿದ್ದರು.

ಇನ್ನು ನನ್ನ ಅಕ್ಕನ ವಿಷಯ ಹೇಳಬೇಕು. ಅಕ್ಕನಿಗೆ ಚಿಕ್ಕಂದಿನಿಂದ ಶ್ವಾಸಕೋಶ ಸರಿಯಿರಲಿಲ್ಲ. ಹಾಡುವ ಹುಚ್ಚು ಮಾತ್ರ ಬೆಟ್ಟದಷ್ಟು. ಅವಳೇ ಕಟ್ಟಿದ ಒಂದು ಹಾಡಿತ್ತು, ಪದ ಕಮ್ಮಿ, ರಾಗ ಹೆಚ್ಚು. ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಅದನ್ನು ಟೇಪಿನಲ್ಲಿ ಹಿಡಿದೆವು. ಮೂರನೆಯ ಸಾಲು ಮೇಲಕ್ಕೆ ಏರುವಾಗ, ಪದದ ನಟ್ಟನಡುವೆ, ಅವಳ ಉಸಿರು ಕಡಿದುಹೋಗುತ್ತದೆ. ಒಂದು ಗಳಿಗೆ ಏನೂ ಕೇಳಿಸುವುದಿಲ್ಲ. ಆಮೇಲೆ ಉಳಿದ ಅರ್ಧ ಪದವನ್ನು ಎತ್ತಿಕೊಂಡು ಮುಂದೆ ಹೋಗುತ್ತಾಳೆ. "ಇದನ್ನ ಯಾರಿಗೂ ಕೇಳಿಸಬೇಡ ಕಣೇ, ನನಗೆ ನಾಚಿಕೆ" ಎಂದಿದ್ದಳು. ಅಕ್ಕ ಹೋಗಿ ಹದಿನಾಲ್ಕು ವರ್ಷವಾಯಿತು. ಅವಳದೆಂದು ನನ್ನಲ್ಲಿ ಉಳಿದಿರುವುದು ಆ ಎರಡೂವರೆ ನಿಮಿಷ, ಮತ್ತು ಆ ಮಾತು.

ಹತ್ತು ವರ್ಷ ಮಾತು ಉಳಿಸಿಕೊಂಡೆ. ಗಂಡನಿಗೂ ಕೇಳಿಸಲಿಲ್ಲ. ನಾಲ್ಕು ವರ್ಷದ ಹಿಂದೆ, ಅಕ್ಕ ತೀರಿಕೊಂಡ ತಾರೀಕಿನಂದೇ ಊಟಕ್ಕೆ ಕೂತಾಗ, ನನಗೆ ತಡೆಯಲಾಗಲಿಲ್ಲ. ಆ ದಿನ ನನ್ನ ಸರದಿ. ಟೇಪಿನಿಂದ ಫೋನಿಗೆ ಇಳಿಸಿಕೊಂಡಿದ್ದ ಅಕ್ಕನ ಹಾಡನ್ನು ಡೋಲಿನ ಕಿವಿಗೆ ಇಟ್ಟುಬಿಟ್ಟೆ. ಅವಳು ನಿಯಮದ ಪ್ರಕಾರ ತುಟಿ ಬಿಗಿಹಿಡಿದು ಕೇಳಿದಳು. ಆದರೆ ಮೂರನೆಯ ಸಾಲು ಬಂದಾಗ ತಟ್ಟನೆ ತಲೆಯೆತ್ತಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಮುಗಿದ ಮೇಲೆ ಬಯ್ಯಲಿಲ್ಲ. ಏನೋ ಹೇಳಲು ಹೋಗಿ ನುಂಗಿಕೊಂಡು, "ಇನ್ನೊಂದು ಸಲ ಹಾಕು" ಎಂದಳು.

ಅವಳ ಫೋನಿಗೂ ಕಳಿಸಿದೆ. ಯಾರಿಗೂ ಕೇಳಿಸುವುದಿಲ್ಲ ಎಂದು ಆಣೆ ಮಾಡಿಸಿಕೊಂಡೇ ಕಳಿಸಿದೆ.

ಹೀಗಿರುವಾಗ ಕಾರ್ಖಾನೆಗೆ ಹೊಸ ವ್ಯಾನಿನವರು ಬಂದರು. ಕಟ್ಟಿ ಮುಗಿದ ಪುಸ್ತಕವನ್ನು ಅಂಗಡಿಗಳಿಗೆ ಒಯ್ಯುವ ಕೆಲಸ. ಐವತ್ತರ ಆಸುಪಾಸು, ಬಾಗಿಲು ತುಂಬುವಂಥ ಮೈ, ಬಾಯಲ್ಲಿ ಸದಾ ಶಿಳ್ಳೆ. ಒಂದು ಬೆಳಿಗ್ಗೆ ಟೀ ಹೊತ್ತಿಗೆ ಯಂತ್ರ ನಿಲ್ಲಿಸಿ, ಕಿವಿಡಬ್ಬಿ ತೆಗೆದು ಹಿಂಬಾಗಿಲಿಗೆ ಹೋದೆ. ಕಿವಿಡಬ್ಬಿ ಎಂದರೆ ಯಂತ್ರದ ಸದ್ದು ಕಿವಿಗೆ ಹೊಡೆಯದಂತೆ ಹಾಕಿಕೊಳ್ಳುವ ದಪ್ಪ ಮುಚ್ಚಳ. ಆರು ವರ್ಷದ ಹಿಂದೆ ತಪಾಸಣೆಗೆ ಬಂದವರು ಗದರಿಸಿದ ಮೇಲೆ ಮಾಲೀಕರು ತಂದುಕೊಟ್ಟದ್ದು. ವ್ಯಾನಿನವರು ಕಟ್ಟು ಎತ್ತಿ ಒಳಗಿಡುತ್ತ ಶಿಳ್ಳೆ ಹಾಕುತ್ತಿದ್ದರು. ಅದು ಅಕ್ಕನ ಹಾಡು.

ಮೊದಲು ನನ್ನ ಭ್ರಮೆ ಎಂದುಕೊಂಡೆ. ಆದರೆ ಮೂರನೆಯ ಸಾಲು ಮೇಲೇರಿತು, ನಡುವೆ ಕಡಿಯಿತು, ಒಂದು ಗಳಿಗೆ ನಿಂತಿತು, ಮತ್ತೆ ಹಿಡಿಯಿತು. ಐವತ್ತು ಕಿಲೋ ಕಟ್ಟನ್ನು ಒಂದೇ ಕೈಯಲ್ಲಿ ಎತ್ತುವ ಮನುಷ್ಯನಿಗೆ ಅಲ್ಲಿ ಉಸಿರು ಕಡಿಯಬೇಕಾದ ದರ್ದೇ ಇರಲಿಲ್ಲ. ನನ್ನ ಅಕ್ಕನಿಂದ ಕಲಿತವರು ಮಾತ್ರ ಅಲ್ಲಿ ನಿಲ್ಲುತ್ತಾರೆ.

"ಚೆನ್ನಾಗಿದೆಯಲ್ಲ, ಎಲ್ಲಿಯದು ಈ ಹಾಡು?" ಎಂದು ಏನೂ ಅರಿಯದವಳ ಹಾಗೆ ಕೇಳಿದೆ.

ಅವರು ಬೆಚ್ಚಿ ತಿರುಗಿದರು. ನನ್ನ ಹೆಗಲ ಮೇಲಿಂದ ಒಳಗೆ, ಹೊಲಿಗೆಯ ಮೇಜಿನ ಕಡೆ, ಒಮ್ಮೆ ಕಣ್ಣು ಹಾಯಿಸಿದರು. "ಏ... ಎಲ್ಲೋ ಕೇಳಿದ್ದು ಮೇಡಂ" ಎಂದು ವ್ಯಾನಿನ ಬಾಗಿಲನ್ನು ಧಡಾರನೆ ಮುಚ್ಚಿದರು.

ಆ ಸಂಜೆ ಗೇಟಿನ ಹತ್ತಿರ ಡೋಲು ಅವರ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದ್ದನ್ನು ನನ್ನ ಕಣ್ಣಾರೆ ಕಂಡೆ. ನಾನು ಹತ್ತಿರ ಬರುತ್ತಿದ್ದಂತೆ ಇಬ್ಬರೂ ಮಾತು ನಿಲ್ಲಿಸಿ ಬೇರೆ ಬೇರೆ ಕಡೆ ನೋಡಿದರು.

"ಏನು ಗುಟ್ಟು?" ಎಂದೆ.

"ಗುಟ್ಟೇನಿಲ್ಲ ಮಾರಾಯ್ತಿ. ನಾಳೆ ಬೇಗ ಬರ್ತಾರಾ ಅಂತ ಕೇಳ್ತಿದ್ದೆ."

ಸುಳ್ಳು ಹೇಳುವಾಗ ಡೋಲಿನ ಕಾಲು ಬಡಿಯುವುದಿಲ್ಲ. ಆಗ ಬಡಿಯುತ್ತಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ, "ಸದ್ಯ, ನನ್ನ ಮೇಲೆ ಪತ್ತೇದಾರಿಕೆ ಮಾಡೋದು ಬಿಟ್ಟಿಯಲ್ಲ, ಅಷ್ಟೇ ಸಾಕು" ಎಂದರು. ಅವರ ಜೊತೆ ಮಾತಾಡಿ ಪ್ರಯೋಜನವಿರಲಿಲ್ಲ.

ತಲೆಗೆ ಹುಳ ಹೊಕ್ಕಾಗಿತ್ತು. ಮರುವಾರ ಕತ್ತರಿ ಮಾವ ಕೈತೊಳೆಯುತ್ತ ಏನೋ ಗುನುಗಿದರು. ಯಾವ ಹಾಡೂ ಆಗದ ಕತ್ತರಿ ಮಾವ! ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಅದೇ ರಾಗ, ಅದೇ ಕಡಿತ. ನನ್ನನ್ನು ಕಂಡದ್ದೇ ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿ ಕೆಮ್ಮಿದರು. ಅಕ್ಕನ ನಾಚಿಕೆಯನ್ನು ಇಡೀ ಕಾರ್ಖಾನೆ ಬಾಯಲ್ಲಿಟ್ಟುಕೊಂಡು ಓಡಾಡುತ್ತಿತ್ತು. ಅದಕ್ಕಿದ್ದ ಬೀಗದ ಕೈ ನಾನು ಒಬ್ಬಳಿಗೆ ಮಾತ್ರ ಕೊಟ್ಟಿದ್ದೆ.

ಆದರೂ ಆಧಾರವಿಲ್ಲದೆ ಬಾಯಿ ಬಿಡುವವಳು ನಾನಲ್ಲ. ಒಂದು ಬಲೆ ಹೆಣೆದೆ.

ಭಾನುವಾರ ಗಂಡ ಹೊರಗೆ ಹೋದಾಗ, ಅಡುಗೆಮನೆಯ ಬಾಗಿಲು ಹಾಕಿಕೊಂಡು ನಾನೇ ಒಂದು ರಾಗ ಕಟ್ಟಿದೆ. ಜನ್ಮದಲ್ಲಿ ಹಾಡಿದವಳಲ್ಲ, ಹೇಗೆ ಬಂತೋ ಗೊತ್ತಿಲ್ಲ. ಫೋನಿಗೆ ಒರೆಸುವ ಬಟ್ಟೆ ಸುತ್ತಿ, ಹಳೆಯ ಟೇಪಿನ ಹಾಗೆ ಮಸುಕಾಗಿ ಕೇಳುವಂತೆ ಹಾಡಿ ಹಿಡಿದೆ. ನಡುನಡುವೆ ಅಕ್ಕನ ಹಾಗೆ ಉಸಿರನ್ನೂ ಕಡಿದೆ. ಸೋಮವಾರ ಊಟಕ್ಕೆ ಕೂತು, "ಅಕ್ಕನ ಇನ್ನೊಂದು ಹಾಡು ಸಿಕ್ಕಿತು ಕಣೇ, ಹಳೇ ಪೆಟ್ಟಿಗೇಲಿ" ಎಂದು ಅವಳ ಕಿವಿಗಿಟ್ಟೆ. ಈ ಹಾಡನ್ನು ಲೋಕದಲ್ಲಿ ಬಲ್ಲವರು ನಾವಿಬ್ಬರೇ. ಇದು ಮೂರನೆಯವರ ಬಾಯಲ್ಲಿ ಬಂದರೆ ಕಳ್ಳಿ ಸಿಕ್ಕಿಬಿದ್ದ ಹಾಗೆ.

ಡೋಲು ಕಣ್ಣು ಮುಚ್ಚಿ ಕೇಳಿದಳು. ಅರ್ಧದಲ್ಲಿ ಅವಳ ತುಟಿಯ ಮೂಲೆಯಲ್ಲಿ ನಗು ಕಂಡಿತು. "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ನನಗೂ ಕಳಿಸು" ಎಂದಳು, ಒಂದೇ ಒಂದು ಬೈಗುಳವಿಲ್ಲದೆ. ಆ ನಗು ನನಗೆ ಚುಚ್ಚಿತು, ಆದರೂ ಕಳಿಸಿದೆ.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಯಂತ್ರದ ಮುಂದೆ ನಿಂತರೂ ಮನಸ್ಸೆಲ್ಲ ಬಲೆಯ ಮೇಲೆ. ಆ ಸುಳ್ಳು ರಾಗ ಬೆಳಗಿನಿಂದ ಸಂಜೆಯವರೆಗೆ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಹನ್ನೆರಡನೆಯ ದಿನ ವ್ಯಾನಿನವರು ಕಟ್ಟು ಎತ್ತುತ್ತ ಅದನ್ನೇ ಶಿಳ್ಳೆ ಹಾಕಿದರು. ಅಡುಗೆಮನೆಯಲ್ಲಿ ಹುಟ್ಟಿದ ನನ್ನ ರಾಗವನ್ನು, ಮೊದಲಿನಿಂದ ಕೊನೆಯವರೆಗೆ.

ಊಟದ ಮೇಜಿಗೆ ಹೇಗೆ ಬಂದೆನೋ ನೆನಪಿಲ್ಲ. ಎಲ್ಲರ ಮುಂದೆ ಕೇಳಿಯೇಬಿಟ್ಟೆ.

"ಎಷ್ಟು ಜನಕ್ಕೆ ಹಂಚಿದೆ?"

"ಏನನ್ನ?" ಎಂದಳು ಡೋಲು.

"ನಾಟಕ ಸಾಕು. ಅಕ್ಕನ ಹಾಡು. ಒಂದಲ್ಲ, ಎರಡೂ. ಎರಡನೇದು ಅಕ್ಕಂದಲ್ಲ, ನಾನೇ ಕಟ್ಟಿದ್ದು, ನಿನ್ನ ಹಿಡಿಯೋಕೆ ಅಂತ. ಈಗ ಸಿಕ್ಕಿಬಿದ್ದೆಯಲ್ಲ!"

ಅವಳ ಮುಖ ಸಣ್ಣಗಾಯಿತು. "ನಾನು ಯಾರಿಗೂ ಕೇಳಿಸಿಲ್ಲ."

"ಹಾಗಾದ್ರೆ ಅವರಿಗೆ ಹೇಗೆ ಗೊತ್ತು?"

ಅವಳು ಕತ್ತರಿ ಮಾವನನ್ನು ನೋಡಿದಳು. ಕತ್ತರಿ ಮಾವ ತಮ್ಮ ಡಬ್ಬಿಯ ತಳ ನೋಡಿದರು. ಮೇಜಿನ ಸುತ್ತ ಎಲ್ಲರಿಗೂ ಏನೋ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

"ಹೇಗೆ ಅಂತ ನನಗೆ ಗೊತ್ತು. ಆದ್ರೆ ನಿನಗೆ ಹೇಳಲ್ಲ" ಎಂದಳು.

"ಹೇಳೋಕೆ ಮುಖ ಬೇಕಲ್ಲ! ನಿನ್ನ ಆ ತಗಡು ಬಡಿಯೋ ಕಿವಿಗೆ ನನ್ನಕ್ಕನ ಹಾಡು ಕೊಟ್ಟಿದ್ದೇ ನನ್ನ ತಪ್ಪು. ತೆಗಿ ಫೋನು. ಎರಡನ್ನೂ ಅಳಿಸು. ನನ್ನ ಕಣ್ಣೆದುರಿಗೇ ಅಳಿಸು."

ಅವಳು ಫೋನ್ ತೆಗೆದು ಎರಡನ್ನೂ ಅಳಿಸಿದಳು. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಊಟದ ಡಬ್ಬಿ ಮುಚ್ಚಿ ಎದ್ದು ಹೋದಳು. ನಾನು ಗೆದ್ದಿದ್ದೆ. ಗೆದ್ದವಳ ಡಬ್ಬಿಯ ಅನ್ನ ಸಂಜೆ ಹಾಗೇ ಮನೆಗೆ ವಾಪಸು ಹೋಯಿತು.

ಮೂರು ದಿನ ನಾವಿಬ್ಬರೂ ಮಾತಾಡಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಹಾಳೆ ಮಡಿಚಿದೆ, ಅವಳು ತಲೆ ತಗ್ಗಿಸಿ ಹೊಲಿದಳು. ಅವಳ ಎಡಗಾಲು ನೆಲದ ಮೇಲೆ ಸುಮ್ಮನೆ ಕೂತಿತ್ತು. ನಾಲ್ಕನೆಯ ದಿನ ಹಿಂಬಾಗಿಲಲ್ಲಿ ವ್ಯಾನಿನವರನ್ನು ಅಡ್ಡಗಟ್ಟಿದೆ. ಮಿಕ್ಕ ಕೋಪವನ್ನು ಎಲ್ಲಾದರೂ ಇಳಿಸಬೇಕಿತ್ತು.

"ನಿಮಗೆ ಆ ಹಾಡು ಅವಳು ಯಾವಾಗ ಕೊಟ್ಟಳು? ನಿಜ ಹೇಳಿ."

"ಯಾರಾದ್ರೂ ಕೊಡೋದೇನಿದೆ ಮೇಡಂ?" ಎಂದು ಅವರು ಕಟ್ಟನ್ನು ಕೆಳಗಿಟ್ಟರು. "ನಿಮ್ಮ ಗೆಳತಿ ಹೇಳೋದು ಬೇಡ ಬೇಡ ಅಂತಾರೆ, ಆದ್ರೆ ಆವತ್ತು ನೀವು ಅವರನ್ನ ಬೈದಿದ್ದು ಕೇಳಿ ನನಗೆ ಹೊಟ್ಟೆ ಉರೀತು. ದಿನಾ ಹಾಡೋರು ನೀವೇ ಅಲ್ವಾ?"

"ನಾನಾ?"

"ಕಿವಿಗೆ ಆ ಡಬ್ಬಿ ಹಾಕ್ಕೊಂಡ ತಕ್ಷಣ ಶುರು ಮಾಡ್ತೀರಿ. ನಿಮಗೆ ಕೇಳಿಸಲ್ಲ, ಅದಕ್ಕೇ ಜೋರಾಗೇ ಹಾಡ್ತೀರಿ. ಈ ಬಾಗಿಲತನಕ ಕೇಳುತ್ತೆ. ನಡುವೆ ಒಂದು ಕಡೆ ನಿಲ್ಲಿಸ್ತೀರಲ್ಲ, ಅದು ನನಗೆ ಭಾರಿ ಇಷ್ಟ. ಮೊನ್ನೆ ಮೊನ್ನೆ ಹೊಸದೊಂದು ಶುರು ಮಾಡಿದ್ರಿ, ಅದನ್ನೂ ಕಲ್ತೆ. ನಾನು ಬಂದ ದಿನವೇ ನಿಮ್ಮ ಗೆಳತಿ ಹೇಳಿದ್ರು, ಅವಳ ಮುಂದೆ ಮಾತ್ರ ಬಾಯಿ ಬಿಡಬೇಡಿ ಅಂತ. ನನ್ನ ಬಾಯಿ ಕೇಳಬೇಕಲ್ಲ, ಶಿಳ್ಳೆ ಬಂದೇಬಿಡುತ್ತೆ."

ನಾನು ನಂಬಲಿಲ್ಲ. ಒಬ್ಬರ ಮಾತು ನಂಬುವ ಜಾತಿಯವಳಲ್ಲ ನಾನು. ನೇರ ಕತ್ತರಿ ಮಾವನ ಹತ್ತಿರ ಹೋದೆ. ಅವರು ಅಲಗನ್ನು ಮೇಲೆತ್ತಿ ನಿಲ್ಲಿಸಿ ಕನ್ನಡಕ ತೆಗೆದರು.

"ಆರು ವರ್ಷದಿಂದ" ಎಂದರು. "ಆ ಡಬ್ಬಿ ಬಂದ ದಿನದಿಂದ. ಮೊದಮೊದಲು ನನಗೆ ಸಿಟ್ಟು ಬರ್ತಿತ್ತು. ಬಂದು ಹೇಳೋಣ ಅಂದ್ರೆ ಅವಳು ಬಿಡಲಿಲ್ಲ. ಹೊಸದಾಗಿ ಯಾರೇ ಸೇರಲಿ, ಮೊದಲು ಅವಳು ಕರೆದು ಕೂರಿಸಿ ಇದೊಂದು ಹೇಳ್ತಾಳೆ. ಈಗ ನನಗೂ ಅಭ್ಯಾಸವಾಗಿದೆ. ಮೂರು ದಿನದಿಂದ ನೀನು ಹಾಡಿಲ್ಲ, ನೋಡು, ನನ್ನ ಅಂಚೆಲ್ಲ ಸೊಟ್ಟ." ಅವರು ಎತ್ತಿ ತೋರಿಸಿದ ಪುಸ್ತಕದ ಅಂಚು ನಿಜಕ್ಕೂ ಸೊಟ್ಟಗಿತ್ತು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕನ ಗುಟ್ಟನ್ನು ಊರಿಗೆಲ್ಲ ಸಾರಿದವಳು ನಾನೇ. ಆರು ವರ್ಷ, ದಿನಕ್ಕೆ ಎಂಟು ಗಂಟೆ. ಆ ಗುಟ್ಟು ರಟ್ಟಾದದ್ದು ನನಗೆ ತಿಳಿಯದಂತೆ ಕಾದವಳಿಗೆ ಎಲ್ಲರ ಮುಂದೆ ಕಳ್ಳಿ ಎಂದ ಹಾಗೆ ಮಾತಾಡಿದ್ದೆ.

ಊಟದ ಗಂಟೆಯಾಯಿತು. ಡೋಲು ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಒಬ್ಬಳೇ ಕೂತಿದ್ದಳು. ನಾನು ಹೋಗಿ ಎದುರಿಗೆ ಕೂತೆ.

"ಗೊತ್ತಾಯ್ತಾ?" ಎಂದಳು ಅವಳೇ.

"ಯಾಕೆ ಹೇಳಲಿಲ್ಲ? ಆವತ್ತು ಅಷ್ಟು ಬೈದಾಗಲಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ" ಎಂದಳು. "ನೀನು ಮಡಿಚಿದ್ದನ್ನೇ ಬಿಚ್ಚಿ ನೋಡೋಳು. ಗೊತ್ತಾದ ಮೇಲೆ ನಿನ್ನ ಬಾಯಿಯನ್ನ ನೀನೇ ಕಾಯ್ತಾ ಕೂರ್ತೀಯ. ಮೊದಲೆರಡು ವರ್ಷ ನನಗೂ ಅದು ಏನು ಹಾಡು ಅಂತ ಗೊತ್ತಿರಲಿಲ್ಲ. ಆಮೇಲೆ ನಿನ್ನಕ್ಕಂದು ಕೇಳಿಸಿದೆಯಲ್ಲ, ಅವಳ ಉಸಿರು ಕಡೀತಿದ್ದ ಹಾಗೇ ಗೊತ್ತಾಯ್ತು, ನೀನು ದಿನಾ ಹಾಡೋದು ಇದೇ ಅಂತ. ಆಮೇಲಂತೂ ಹೇಗೆ ಹೇಳಲಿ?"

"ನನ್ನಕ್ಕ ಯಾರಿಗೂ ಕೇಳಿಸಬೇಡ ಅಂದಿದ್ದಳು."

"ನೀನು ಅವಳ ದನಿ ನನ್ನ ಬಿಟ್ಟು ಯಾರಿಗೂ ಕೇಳಿಸಿಲ್ಲ ಕಣೇ. ಕೇಳಿಸಿದ್ದು ನಿನ್ನ ದನಿ."

ಆಮೇಲೆ ಕೇಳಿದೆ, "ಆ ಎರಡನೇದು, ನಾನು ಕಟ್ಟಿದ್ದು. ಅದನ್ನ ಕೇಳಿ ಯಾಕೆ ನಕ್ಕೆ?"

"ನಿನ್ನಕ್ಕನಿಗೆ ಉಸಿರು ತಾನಾಗೇ ಕಡೀತಿತ್ತು, ನೀನು ಬೇಕು ಅಂತ ಕಡೀತಿದ್ದೆ. ನಿನ್ನದೇ ಅಂತ ಎರಡನೇ ಸಾಲಲ್ಲೇ ಗೊತ್ತಾಯ್ತು. ಕೊನೆಗೂ ನನ್ನ ಗೆಳತಿ ತನ್ನದೇ ಒಂದು ಹಾಡು ಕಟ್ಟಿದಳಲ್ಲ, ನಾಚಿಕೆಗೆ ಅಕ್ಕನ ಹೆಸರು ಹೇಳ್ತಿದ್ದಾಳೆ ಅಂತ ಖುಷಿಯಾಗಿ ನಕ್ಕೆ. ಬಲೆ ಅಂತ ನನಗೇನು ಗೊತ್ತು?"

ಅತ್ತುಬಿಟ್ಟೆ. ತಪ್ಪಾಯಿತು ಎಂದೆ, ಎರಡು ಸಲ ಎಂದೆ. ಅವಳು ಸಮಾಧಾನ ಹೇಳಲಿಲ್ಲ. ಕೋಪ ಪೂರ್ತಿ ಇಳಿದಿರಲಿಲ್ಲ, ಇಳಿಯಬೇಕಾದ್ದೂ ಇಲ್ಲ. ಫೋನ್ ತೆಗೆದು ಇಯರ್‌ಫೋನಿನ ಎರಡೂ ತುದಿಯನ್ನು ನನ್ನ ಕಡೆ ತಳ್ಳಿದಳು.

"ಇವತ್ತು ನನ್ನ ಸರದಿ" ಎಂದಳು. "ಮೂರು ವರ್ಷದಿಂದ ಇಟ್ಕೊಂಡಿದ್ದೀನಿ. ಇದು ನಿನ್ನ ಹತ್ತಿರ ಇಸ್ಕೊಂಡಿದ್ದಲ್ಲ, ಅದಕ್ಕೇ ಅಳಿಸಲಿಲ್ಲ. ನನಗೆ ತುಂಬಾ ಇಷ್ಟವಾದ ಹಾಡು. ಪೂರ್ತಿ ಕೇಳು, ಆಮೇಲೆ ಬೈಯಿ."

ಕಿವಿಗಿಟ್ಟೆ. ಮೊದಲು ಬರೀ ಬಡಿತ. ಧಡ್ ಧಡ್ ಧಡ್ ಧಡ್, ತಪ್ಪದೆ, ಒಂದೇ ಸಮ. ಮತ್ತೆ ಇವಳ ಡೋಲು ಎಂದುಕೊಂಡೆ. ಆಮೇಲೆ ಅದು ನನ್ನ ಯಂತ್ರ ಎಂದು ತಿಳಿಯಿತು. ಹತ್ತು ಹೆಜ್ಜೆ ದೂರದಿಂದ ನನ್ನ ಯಂತ್ರ ಹೀಗೆ ಕೇಳಿಸುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಆ ಬಡಿತದ ಮೇಲೆ ಅಕ್ಕ ಹಾಡುತ್ತಿದ್ದಳು.

ಅಕ್ಕನಲ್ಲ, ನಾನು. ಆದರೆ ದನಿ ಅವಳದೇ. ಅಕ್ಕನಿಗೂ ನನಗೂ ಒಂದೇ ದನಿ ಎಂದು ಅಮ್ಮ ಹೇಳುತ್ತಿದ್ದಳು, ನಾನು ನಂಬುತ್ತಿರಲಿಲ್ಲ. ಮೂರನೆಯ ಸಾಲು ಏರಿತು. ಉಸಿರು ಕಡಿಯಿತು. ಆ ಒಂದು ಗಳಿಗೆ, ಟೇಪಿನಲ್ಲಿ ಏನೂ ಇಲ್ಲದ ಜಾಗದಲ್ಲಿ, ಯಂತ್ರ ಬಡಿಯುತ್ತಲೇ ಇತ್ತು. ಅದರ ಜೊತೆ ಹತ್ತಿರದಲ್ಲೇ ಇನ್ನೊಂದು ಸಣ್ಣ ಬಡಿತವಿತ್ತು, ನೆಲಕ್ಕೆ ಕಾಲು ತಾಗುವುದು. ಆಮೇಲೆ ಉಳಿದ ಅರ್ಧ ಪದ ಬಂತು.

ಮುಗಿಯುವವರೆಗೆ ಬಾಯಿ ತೆರೆಯಲಿಲ್ಲ, ಮುಖ ಕಿವುಚಲಿಲ್ಲ. ನಿಯಮ ನಿಯಮವೇ. ಮುಗಿದ ಮೇಲೆ ಅವಳು ಕಾದಳು.

"ಡೋಲು ಸ್ವಲ್ಪ ಜೋರಾಯ್ತು" ಎಂದೆ.

"ನಿನ್ನ ಹಾಡಿಗೆ ಅಷ್ಟಾದರೂ ಬೇಡವಾ?" ಎಂದಳು ಡೋಲು.

ಮಧ್ಯಾಹ್ನದ ಗಂಟೆ ಹೊಡೆಯಿತು. ಯಂತ್ರ ಶುರು ಮಾಡಿ ಕಿವಿಡಬ್ಬಿ ಹಾಕಿಕೊಂಡೆ. ಲೋಕದ ಸದ್ದೆಲ್ಲ ಹೋಯಿತು. ಮೊದಲು ತುಟಿ ಬಿಗಿಹಿಡಿದಿದ್ದೆ, ಅವಳು ಹೆದರಿದ್ದೂ ಅದಕ್ಕೇ. ಹಾಳೆ ಒಳಗೆ ಹೋಯಿತು, ಮಡಿಕೆ ಹೊರಗೆ ಬಿತ್ತು. ಎಷ್ಟು ಹೊತ್ತಾಯಿತೋ, ಒಮ್ಮೆ ತಲೆಯೆತ್ತಿ ನೋಡಿದರೆ ಎದುರಿನ ಮೇಜಿನ ಕೆಳಗೆ ಡೋಲಿನ ಎಡಗಾಲು ನೆಲ ಬಡಿಯುತ್ತಿತ್ತು. ನಾನು ಹಾಡುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಕೈಯಲ್ಲಿ ಕಿವಿಡಬ್ಬಿ ಸರಿಸಿದ್ದರೆ ಗೊತ್ತಾಗುತ್ತಿತ್ತು. ಸರಿಸಿ ನೋಡಲಿಲ್ಲ.